ಬೂದ ಉಗುಳಿದ ಕಹಿ ಉಂಡೆ

ಒಂದು ಕಾಡಿನಲ್ಲಿ ಜೊಂಡು ತುಂಬಿದ ದೊಡ್ಡ ಕೆರೆಯಿತ್ತು. ಅದರ ದಂಡೆಯಲ್ಲಿ ನಾಯಿಗಳ ಗುಂಪೊಂದು ವಾಸವಾಗಿತ್ತು. ಗುಂಪಿನ ನಾಯಕನ ಹೆಸರು ಬೂದ. ಅವನ ಮೈ ಒಲೆಯ ಬೂದಿಯ ಬಣ್ಣದ್ದು. ಓಟದಲ್ಲಿ ಅವನನ್ನು ಹಿಂದೆ ಹಾಕುವವರು ಆ ಕಾಡಿನಲ್ಲೇ ಇರಲಿಲ್ಲ. ಜಿಂಕೆ ಎಡಕ್ಕೆ ಹೊರಳುವ ಮೊದಲೇ ಅವನು ಎಡಕ್ಕೆ ಹೊರಳಿರುತ್ತಿದ್ದ.

ಬೂದನ ತಂಗಿ ಹೊಂಗೆ. ಆ ವರ್ಷ ಅವಳು ಮರಿ ಹಾಕಿದ್ದಳು. ಮರಿಗಳಲ್ಲೆಲ್ಲ ಗಲಾಟೆಯವನು ಗೌಜ. ಗೌಜನಿಗೆ ಬೂದಮಾವನೆಂದರೆ ಪ್ರಾಣ. ಮಾವ ಕಿವಿ ನಿಮಿರಿಸಿದರೆ ಇವನೂ ನಿಮಿರಿಸುತ್ತಿದ್ದ. ಮಾವ ಕಾಲಿನಿಂದ ಮಣ್ಣು ಕೆರೆದರೆ ಇವನೂ ಕೆರೆದು, ತನ್ನ ಕಣ್ಣಿಗೇ ಮಣ್ಣು ಹಾಕಿಕೊಳ್ಳುತ್ತಿದ್ದ.

ಕೆರೆಯ ನೀರು ಸಿಹಿಯಾಗಿತ್ತು. ಆದರೆ ಜೊಂಡಿನೊಳಗೆ ಸೊಳ್ಳೆಗಳ ರಾಜ್ಯವೇ ಇತ್ತು. ಸಂಜೆಯಾದರೆ ಅವು ಹೊಗೆಯ ಹಾಗೆ ಮೇಲೇಳುತ್ತಿದ್ದವು.

ಕೆರೆಯ ಪಕ್ಕದ ದಿಬ್ಬದಲ್ಲಿ ಒಂದು ಬಿಲ. ಅದರಲ್ಲಿ ವಯಸ್ಸಾದ ಮುಳ್ಳುಹಂದಿಯೊಂದು ಇತ್ತು. ಕಾಡಿನವರೆಲ್ಲ ಅವಳನ್ನು ಮುಳ್ಳಜ್ಜಿ ಎಂದು ಕರೆಯುತ್ತಿದ್ದರು. ಯಾವ ಬೇರು ಯಾವ ನೋವಿಗೆ ಎಂಬುದು ಅವಳಿಗೆ ಗೊತ್ತಿತ್ತು. ಪ್ರತಿ ಹುಣ್ಣಿಮೆಯ ಸಂಜೆ ಅವಳು ಒಂದು ಕಹಿಬೇರನ್ನು ಕಲ್ಲಿನ ಮೇಲೆ ಜಜ್ಜಿ ಉಂಡೆ ಕಟ್ಟುತ್ತಿದ್ದಳು. ನಾಯಿಗಳು ಆ ದಿನದ ಬೇಟೆಯಲ್ಲಿ ಒಂದಿಷ್ಟು ಮೆತ್ತನೆ ಮಾಂಸ ಎತ್ತಿಟ್ಟು ತರುತ್ತಿದ್ದವು. ಅಜ್ಜಿ ಉಂಡೆಯನ್ನು ಆ ಮಾಂಸದೊಳಗೆ ಸುತ್ತಿ ಒಬ್ಬೊಬ್ಬರ ಬಾಯಿಗೂ ಇಡುತ್ತಿದ್ದಳು.

ಹೊಂಗೆಯ ಮರಿಗಳು ಮೊದಲ ಸಲ ಬಂದಾಗ ಗೌಜ ಕೇಳಿದ. "ಅಜ್ಜಿ, ನನಗೆ ಎಲ್ಲೂ ನೋವಿಲ್ಲ. ಮತ್ತೆ ಮದ್ದು ಯಾಕೆ?"

"ನೋವು ಬರಬಾರದು ಅಂತಲೇ ಕಂದ," ಎಂದಳು ಮುಳ್ಳಜ್ಜಿ. "ಸೊಳ್ಳೆ ಕಚ್ಚುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ನಿನ್ನ ಮೈಗೆ ಸೇರುತ್ತದೆ. ಅದು ಮೆಲ್ಲಗೆ ಹೃದಯಕ್ಕೆ ಹೋಗಿ ಅಲ್ಲೇ ಮನೆ ಮಾಡುತ್ತದೆ. ದಾರದಂತೆ ಉದ್ದ ಬೆಳೆಯುತ್ತದೆ. ಇನ್ನು ಜಂತುಹುಳದ ದಾರಿ ಬೇರೆ. ಅದು ಮಣ್ಣಿನಿಂದ ಬರುತ್ತದೆ, ತಾಯಿಯ ಹಾಲಿನಿಂದಲೂ ಬರುತ್ತದೆ, ಕರುಳಿಗೆ ಅಂಟಿಕೊಂಡು ನೀನು ಉಂಡದ್ದನ್ನು ತಾನು ಉಣ್ಣುತ್ತದೆ. ಹೋದ ತಿಂಗಳು ಒಳಗೆ ಹೋದದ್ದನ್ನು ಈ ತಿಂಗಳ ಉಂಡೆ ಕೊಲ್ಲಬೇಕು. ಬೆಳೆಯಲು ಬಿಟ್ಟರೆ ಕಷ್ಟ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತದೆಯೇ?"

ಗೌಜನಿಗೆ ಅರ್ಥವಾದದ್ದು ಅರ್ಧ. ಆದರೆ ಮಾಂಸದ ವಾಸನೆ ಚೆನ್ನಾಗಿತ್ತು. ಅವನು ಉಂಡೆಯನ್ನು ಗುಳುಂ ಎಂದು ನುಂಗಿಬಿಟ್ಟ.

ಬೂದನಿಗೆ ಮಾತ್ರ ಆ ಉಂಡೆ ಎಂದರೆ ಆಗುತ್ತಿರಲಿಲ್ಲ. ಎಷ್ಟೇ ಮಾಂಸ ಸುತ್ತಿದರೂ ಕಹಿ ಅವನ ನಾಲಿಗೆಗೆ ತಾಗುತ್ತಿತ್ತು. ಮುಖ ಸೊಟ್ಟಗಾಗುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ಹುಲಿಯ ವಾಸನೆಗೂ ಹೆದರದ ತಾನು ಒಂದು ಬೇರಿನ ಚೂರಿಗೆ ಹೀಗೆ ಮುಖ ಕಿವುಚುವುದನ್ನು ಮರಿಗಳು ನೋಡುತ್ತವಲ್ಲ ಎಂದು ಅವನಿಗೆ ನಾಚಿಕೆ.

ಆ ನಾಚಿಕೆಯನ್ನು ಇನ್ನೊಬ್ಬನೂ ನೋಡುತ್ತಿದ್ದ. ಅವನು ಕೊಂಕನೆಂಬ ನರಿ. ದಿಬ್ಬದ ಕೆಳಗಿನ ಬಿದಿರುಮೆಳೆಯ ಹಿಂದೆ ಅವನ ಠಾವು. ಬೇಟೆಯಾಡಲು ಅವನಿಗೆ ಸೋಮಾರಿತನ. ಹುಣ್ಣಿಮೆ ಬಂದಾಗಲೆಲ್ಲ ಮೆತ್ತನೆ ಮಾಂಸ ಉಂಡೆಯ ಜೊತೆ ನಾಯಿಗಳ ಹೊಟ್ಟೆಗೆ ಹೋಗುವುದನ್ನು ನೋಡಿ ಅವನ ಬಾಯಲ್ಲಿ ನೀರೂರುತ್ತಿತ್ತು. ಅವನಿಗೂ ಉಂಡೆ ಕೊಡುತ್ತೇನೆಂದು ಮುಳ್ಳಜ್ಜಿ ಹಿಂದೊಮ್ಮೆ ಕರೆದಿದ್ದಳು. "ನರಿಯ ಮೈಯೂ ನಾಯಿಯ ಮೈಯಂಥದ್ದೇ ಕಣಪ್ಪ. ಸೊಳ್ಳೆ ನಿನ್ನನ್ನೂ ಬಿಡುವುದಿಲ್ಲ," ಎಂದಿದ್ದಳು. ಕೊಂಕ ನಕ್ಕು ಬಾಲ ತಿರುಗಿಸಿಕೊಂಡು ಹೋಗಿದ್ದ.

ಒಂದು ದಿನ ಬೂದ ಒಬ್ಬನೇ ನೀರು ಕುಡಿಯುತ್ತಿದ್ದಾಗ ಕೊಂಕ ಹತ್ತಿರ ಬಂದು ಕುಳಿತ.

"ಬೂದಣ್ಣ, ನಿನ್ನ ಓಟ ನೋಡುವುದೇ ಒಂದು ಹಬ್ಬ," ಎಂದ. "ಆದರೆ ಒಂದು ಮಾತು ಕೇಳಲೇ? ನಿನಗೇನಾದರೂ ಕಾಯಿಲೆ ಇದೆಯೇ?"

"ನನಗೆ? ಇಲ್ಲವಲ್ಲ. ಯಾಕೆ?"

"ಏನಿಲ್ಲ. ತಿಂಗಳು ತಿಂಗಳೂ ಮದ್ದು ತಿನ್ನುತ್ತೀಯಲ್ಲ, ಅದಕ್ಕೆ ಕೇಳಿದೆ. ಕಾಯಿಲೆ ಬಿದ್ದವರು ಮದ್ದು ತಿನ್ನುವುದು ಸರಿ. ಕಲ್ಲುಗುಂಡಿನಂಥ ಮೈಯವನು ಯಾಕೆ ತಿನ್ನಬೇಕು? ನೋಡಿದವರು ಏನೆಂದುಕೊಂಡಾರು? ನಾಯಕನ ಮೈಯಲ್ಲಿ ಏನೋ ಹುಳುಕಿದೆ ಎನ್ನುವುದಿಲ್ಲವೇ?"

ಬೂದ ನೀರು ಕುಡಿಯುವುದನ್ನು ನಿಲ್ಲಿಸಿದ. ಬಹಳ ದಿನದಿಂದ ತನ್ನ ಮನಸ್ಸಿನಲ್ಲಿದ್ದ ಮಾತನ್ನೇ ಯಾರೋ ಹೊರಗೆ ಹೇಳಿದಂತಿತ್ತು.

"ತಿನ್ನದಿದ್ದರೆ ಅಜ್ಜಿ ಬಿಡುವುದಿಲ್ಲ," ಎಂದ.

"ಅಜ್ಜಿಯ ಮನಸ್ಸು ಯಾಕೆ ನೋಯಿಸುತ್ತೀಯ? ಅವರು ಕೊಡಲಿ, ನೀನು ಕೆನ್ನೆಯಲ್ಲಿ ಇಟ್ಟುಕೋ. ಮೆಳೆಯ ಹಿಂದೆ ಬಂದು ಉಗುಳಿಬಿಡು. ಮಾಂಸ ದಂಡವಾಗುತ್ತದೆ ಅನ್ನುವ ಚಿಂತೆಯೂ ಬೇಡ. ನಾನಿದ್ದೇನಲ್ಲ."

ಮುಂದಿನ ಹುಣ್ಣಿಮೆಗೆ ಬೂದ ಹಾಗೆಯೇ ಮಾಡಿದ. ಕೊಂಕ ಮಾಂಸವನ್ನು ಬಿಡಿಸಿ ತಿಂದ. ಒಳಗಿನ ಕಹಿ ಉಂಡೆಯನ್ನು ಕಾಲಿನಿಂದ ಮಣ್ಣಿಗೆ ತುಳಿದ.

ಬೂದ ಕೆಲವು ದಿನ ಹೆದರುತ್ತಲೇ ಇದ್ದ. ಓಡುವಾಗ ತನ್ನ ಉಸಿರನ್ನು ತಾನೇ ಆಲಿಸುತ್ತಿದ್ದ. ಏನೂ ಆಗಲಿಲ್ಲ. ಕಾಲು ಮೊದಲಿನಂತೆಯೇ ಓಡಿತು. ಊಟ ಮೊದಲಿನಂತೆಯೇ ಸೇರಿತು.

"ನೋಡಿದೆಯಾ ಬೂದಣ್ಣ? ನಾನು ಹೇಳಲಿಲ್ಲವೇ?" ಎಂದ ಕೊಂಕ.

ಅದರ ಮುಂದಿನ ಹುಣ್ಣಿಮೆಗೂ ಬೂದ ಉಂಡೆ ಉಗುಳಿದ. ಆಮೇಲೆ ಅದು ರೂಢಿಯಾಯಿತು. ಮಳೆಗಾಲ ಬಂತು. ಕೆರೆ ತುಂಬಿ ದಡದ ಗುಂಡಿಗಳಲ್ಲೆಲ್ಲ ನೀರು ನಿಂತಿತು. ಸೊಳ್ಳೆಗಳು ಹಗಲಿನಲ್ಲೂ ಕಚ್ಚತೊಡಗಿದವು.

ಆ ಮಳೆಗಾಲದಲ್ಲೇ ಒಂದು ಸಂಜೆ ಗೌಜ ಮಾವನ ಹಿಂದೆಯೇ ಮೆಳೆಯ ಹತ್ತಿರ ಬಂದ. ಮಾವ ಉಂಡೆ ಉಗುಳುವುದನ್ನು ಕಣ್ಣಾರೆ ನೋಡಿದ. ಬೂದನಿಗೆ ಅವನು ಬಂದದ್ದು ಗೊತ್ತಾಗಲಿಲ್ಲ. ಬೂದ ಅತ್ತ ಹೋದ ಮೇಲೆ ಕೊಂಕ ಮರಿಯನ್ನು ಕರೆದು ಮೆಲ್ಲಗೆ ಹೇಳಿದ. "ನೋಡಿದೆಯಲ್ಲ ಮರಿ? ದೊಡ್ಡ ಓಟಗಾರರು ಮದ್ದು ತಿನ್ನುವುದಿಲ್ಲ. ನಿನಗೂ ಮಾವನಂತೆ ಆಗಬೇಕೇ? ಹಾಗಾದರೆ ನಿನ್ನದನ್ನೂ ಇಲ್ಲಿಗೇ ತಾ. ಯಾರಿಗೂ ಹೇಳಬೇಡ."

ಗೌಜನಿಗೆ ಅದಕ್ಕಿಂತ ದೊಡ್ಡ ಆಸೆ ಬೇರೇನೂ ಇರಲಿಲ್ಲ. ಅಲ್ಲಿಂದ ಮುಂದೆ ಕೊಂಕನಿಗೆ ಹುಣ್ಣಿಮೆಗೆ ಇಬ್ಬರ ಪಾಲು ಸಿಗತೊಡಗಿತು.

ಮಳೆ ನಿಂತಿತು. ಚಳಿ ಬಂದು ಹೋಯಿತು. ಬೂದನಿಗೆ ಸಣ್ಣ ಕೆಮ್ಮು ಶುರುವಾಯಿತು. ಒಣ ಕೆಮ್ಮು. ಓಡಿ ನಿಂತಾಗ ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ಹೋಗುತ್ತಿತ್ತು.

"ಧೂಳಿನ ಕೆಮ್ಮು. ನನಗೂ ಇದೆ," ಎಂದ ಕೊಂಕ. ಅದು ನಿಜವೂ ಆಗಿತ್ತು. ಅವನೂ ಆಗಾಗ ಮೆಳೆಯ ಹಿಂದೆ ಕೆಮ್ಮುತ್ತಿದ್ದ.

ದಿನ ಕಳೆದಂತೆ ಬೂದ ಬೇಟೆಯಲ್ಲಿ ಹಿಂದೆ ಬೀಳತೊಡಗಿದ. ಮೊದಲು ಒಂದು ಮಾರು, ಆಮೇಲೆ ಹತ್ತು ಮಾರು. ಹೊಂಗೆ ಅದನ್ನು ಗಮನಿಸಿದಳು.

"ಅಣ್ಣ, ಅಜ್ಜಿಗೆ ಒಮ್ಮೆ ತೋರಿಸೋಣ," ಎಂದಳು.

"ಏನೂ ಇಲ್ಲ ತಂಗಿ. ಬಿಸಿಲು ಜಾಸ್ತಿ ಅಷ್ಟೇ," ಎಂದ ಬೂದ. ತೋರಿಸಿದರೆ ಅಜ್ಜಿ ಏನು ಕೇಳುತ್ತಾಳೆಂದು ಅವನಿಗೆ ಗೊತ್ತಿತ್ತು.

ಅತ್ತ ಗೌಜನೂ ಸೊರಗುತ್ತಿದ್ದ. ಎಷ್ಟು ತಿಂದರೂ ಪಕ್ಕೆಲುಬು ಕಾಣುತ್ತಿತ್ತು. ಹೊಟ್ಟೆ ಮಾತ್ರ ಮಡಕೆಯಂತೆ ಉಬ್ಬಿತ್ತು. ಕೂದಲಿನ ಹೊಳಪು ಹೋಗಿತ್ತು. ಅವನ ಒಡಹುಟ್ಟಿದವರು ಕೆರೆಯ ಏರಿಯ ಮೇಲೆ ಕುಸ್ತಿಯಾಡುವಾಗ ಅವನು ದೂರ ಮಲಗಿ ನೋಡುತ್ತಿದ್ದ. ಆ ಗಲಾಟೆಯ ಮರಿಯ ಸದ್ದೇ ಅಡಗಿಹೋಗಿತ್ತು.

ಒಂದು ಬೆಳಗ್ಗೆ ಗುಂಪು ಕಾಡುಹಂದಿಯೊಂದನ್ನು ಅಟ್ಟಿಸಿಕೊಂಡು ಹೋಯಿತು. ಹಂದಿ ಓಡಿ ಓಡಿ ಬಂಡೆಯೊಂದಕ್ಕೆ ಬೆನ್ನು ಕೊಟ್ಟು ತಿರುಗಿ ನಿಂತಿತು. ಎಲ್ಲರಿಗಿಂತ ಮುಂದೆ ಇದ್ದವಳು ಹೊಂಗೆ. ಹಂದಿ ತಲೆ ತಗ್ಗಿಸಿ ಅವಳ ಮೇಲೆ ನುಗ್ಗಿತು. ಬೂದ ಅದನ್ನು ನೋಡಿದ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವನ ಮೈಗೆ ಗೊತ್ತಿತ್ತು. ಪಕ್ಕದಿಂದ ಹಾರಿ ಹಂದಿಯ ಕಿವಿ ಹಿಡಿಯಬೇಕು. ಅವನು ಹಾರಲೆಂದು ಓಡಿದ. ಅರ್ಧ ದಾರಿಯಲ್ಲಿ ಎದೆಯೊಳಗೆ ಏನೋ ಹಿಡಿದುಕೊಂಡಿತು. ಕಣ್ಣು ಕತ್ತಲೆಯಾಯಿತು. ಅವನು ಹುಲ್ಲಿನ ಮೇಲೆ ಬಿದ್ದ.

ಹಂದಿಯ ಕೋರೆ ಹೊಂಗೆಯ ಭುಜವನ್ನು ಸೀಳಿಕೊಂಡು ಹೋಯಿತು.

ನಾಯಿಗಳು ಬೂದನನ್ನು ನಿಲ್ಲಿಸಿ ನಿಲ್ಲಿಸಿ ನಡೆಸಿಕೊಂಡು ದಿಬ್ಬಕ್ಕೆ ತಂದವು. ಹೊಂಗೆ ಕುಂಟುತ್ತಾ ಹಿಂದೆ ಬಂದಳು. ಗೌಜನೂ ತಾಯಿಯ ರಕ್ತ ನೋಡಿ ಅಳುತ್ತಾ ಬಂದ. ಮುಳ್ಳಜ್ಜಿ ಮೊದಲು ಹೊಂಗೆಯ ಗಾಯಕ್ಕೆ ಸೊಪ್ಪಿನ ರಸ ಹಿಂಡಿದಳು. ಆಮೇಲೆ ಬೂದನ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದಳು. ಗೌಜನ ತುಟಿ ಎತ್ತಿ ಒಸಡು ನೋಡಿದಳು. ಅದು ಸುಣ್ಣದಂತೆ ಬಿಳಿಚಿತ್ತು.

"ಇದೇನು ವಿಚಿತ್ರ?" ಎಂದಳು. "ಇವನ ಎದೆಯಲ್ಲಿ ಹುಳ ಬೆಳೆದಿದೆ. ಈ ಮರಿಯ ಹೊಟ್ಟೆಯ ತುಂಬ ಜಂತು. ನನ್ನ ಕೈಯಾರೆ ಉಂಡೆ ಕೊಟ್ಟಿದ್ದೇನೆ. ನನ್ನ ಬೇರು ಸತ್ವ ಕಳೆದುಕೊಂಡಿತೇ? ನನಗೇ ವಯಸ್ಸಾಗಿ ಬೇರೆ ಯಾವುದನ್ನೋ ಕಿತ್ತೆನೇ?"

ಗೌಜ ಮಾವನ ಮುಖ ನೋಡಿದ. ಆ ನೋಟದಲ್ಲೇ ಬೂದನಿಗೆ ಎಲ್ಲವೂ ತಿಳಿಯಿತು. ಮರಿ ಏನು ಮಾಡಿದೆ, ಯಾರನ್ನು ನೋಡಿ ಮಾಡಿದೆ ಎಂಬುದು ಅರ್ಥವಾಯಿತು.

"ನಿನ್ನ ಬೇರಿನ ತಪ್ಪಲ್ಲ ಅಜ್ಜಿ," ಎಂದ ಬೂದ. "ನಾನು ನುಂಗಲೇ ಇಲ್ಲ. ಮೆಳೆಯ ಹಿಂದೆ ಉಗುಳಿದೆ. ಮಾಂಸ ಕೊಂಕನಿಗೆ ಕೊಟ್ಟೆ. ಮರಿ ನನ್ನನ್ನು ನೋಡಿ ಕಲಿತಿದೆ."

ಹೊಂಗೆ ಅಣ್ಣನ ಕಡೆ ನೋಡದೆ ಗೌಜನನ್ನು ತನ್ನ ಕಾಲುಗಳ ನಡುವೆ ಎಳೆದುಕೊಂಡಳು. ಬೂದನಿಗೆ ಅವಳು ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ಮುಳ್ಳಜ್ಜಿ ನಿಟ್ಟುಸಿರು ಬಿಟ್ಟಳು. "ಸರಿ, ಆದದ್ದು ಆಯಿತು. ಮರಿಯ ಚಿಂತೆ ಬೇಡ ಹೊಂಗೆ. ಕರುಳಿನ ಹುಳ ಉಂಡೆಗೆ ಬಗ್ಗುತ್ತದೆ. ಹುಳ ಬಿದ್ದುಹೋದ ಮೇಲೆ ಚೆನ್ನಾಗಿ ತಿನ್ನಿಸು, ಎದ್ದು ಓಡುತ್ತಾನೆ. ಇವನದು ಹಾಗಲ್ಲ. ಎದೆಯಲ್ಲಿ ಬೆಳೆದು ನಿಂತ ಹುಳಕ್ಕೆ ತಿಂಗಳ ಉಂಡೆ ಸಾಲದು. ಬೇರೆ ಬೇರು ಬೇಕು. ಅದು ಉಗ್ರವಾದದ್ದು. ಉಗುರಿನ ತುದಿಯಷ್ಟು ಕೊಟ್ಟು ಕಾಯಬೇಕು, ಮತ್ತೆ ಅಷ್ಟೇ ಕೊಟ್ಟು ಕಾಯಬೇಕು. ಒಳಗೆ ಸತ್ತ ಹುಳ ಚೂರು ಚೂರಾಗಿ ರಕ್ತದಲ್ಲಿ ಹರಿಯುತ್ತದೆ. ಆಗ ಓಡಿದರೆ ಆ ಚೂರು ಉಸಿರಿನ ದಾರಿಯಲ್ಲಿ ಸಿಕ್ಕಿಕೊಂಡು ಜೀವವೇ ಹೋಗುತ್ತದೆ. ಬೂದ, ನಾನು ಹೇಳುವವರೆಗೆ ನೀನು ಓಡಬಾರದು. ಹಾರಬಾರದು. ಈ ನೆರಳಿನಲ್ಲಿ ಮಲಗಿರಬೇಕು. ಆಗುತ್ತದೆಯೇ?"

ಓಡದೆ ಇರುವುದು ಹೇಗೆಂದು ಬೂದನಿಗೆ ಗೊತ್ತಿರಲಿಲ್ಲ. ಆದರೂ ತಲೆಯಾಡಿಸಿದ.

ಈ ಮಾತೆಲ್ಲ ಬಿದಿರುಮೆಳೆಯ ಹಿಂದೆ ಕೊಂಕನ ಕಿವಿಗೆ ಬಿತ್ತು. ತನಗೂ ಅದೇ ಕೆಮ್ಮು. ತನಗೂ ಏರು ಹತ್ತುವಾಗ ಅದೇ ಆಯಾಸ. ಹತ್ತಿರ ಹೋಗಿ ಅಜ್ಜಿಗೆ ಮೈ ತೋರಿಸಬಹುದಿತ್ತು. ಆದರೆ ಹೋದರೆ ನಾಯಿಗಳು ಸುಮ್ಮನೆ ಬಿಡುತ್ತವೆಯೇ? ಅದೂ ಅಲ್ಲದೆ, ಕೇಳಿ ಪಡೆಯುವುದು ಅವನಿಗೆ ಅಭ್ಯಾಸವಿರಲಿಲ್ಲ. ಕದ್ದು ಪಡೆಯುವುದು ಗೊತ್ತಿತ್ತು.

ಮುಳ್ಳಜ್ಜಿ ಎರಡು ದಿನ ಅಲೆದು ಆ ಉಗ್ರವಾದ ಬೇರನ್ನು ಹುಡುಕಿ ತಂದು ಬಿಲದಲ್ಲಿಟ್ಟಳು. ಮಧ್ಯಾಹ್ನ ಅವಳು ಗೌಜನನ್ನು ನೋಡಲು ಹೋದಾಗ ಕೊಂಕ ಬಿಲಕ್ಕೆ ನುಗ್ಗಿದ. "ಉಗುರಿನ ತುದಿಯಷ್ಟು ತಿಂದರೆ ತಿಂಗಳುಗಟ್ಟಲೆ ಮಲಗಬೇಕಂತೆ. ಎಲ್ಲವನ್ನೂ ಒಂದೇ ಸಲ ತಿಂದರೆ ಒಂದೇ ದಿನಕ್ಕೆ ಗುಣವಾಗುತ್ತದೆ. ಮುದುಕಿಗೆ ಅಷ್ಟೂ ಹೊಳೆಯಲಿಲ್ಲ," ಎಂದುಕೊಂಡ. ಮೂಗು ಮುಚ್ಚಿ ಬೇರನ್ನೆಲ್ಲ ಜಗಿದು ನುಂಗಿದ. ಯಾರ ಕಣ್ಣಿಗೂ ಬೀಳದಂತೆ ಓಡಿದ.

ಕೆರೆಯ ಏರಿ ದಾಟುವಷ್ಟರಲ್ಲಿ ಅವನ ಉಸಿರು ಸಿಕ್ಕಿಕೊಂಡಿತು. ಕಾಲು ಮಡಚಿ ಬಿದ್ದ. ಬಾಯಲ್ಲಿ ನೊರೆ ಬಂತು. ನೀರು ಕುಡಿಯಲು ಬಂದ ನಾಯಿಗಳು ಅವನನ್ನು ಕಂಡವು. ಬಾಯಿಗೆ ಅಂಟಿದ್ದ ಬೇರಿನ ನಾರನ್ನು ನೋಡಿ ಏನಾಗಿದೆ ಎಂದು ಅವುಗಳಿಗೆ ತಿಳಿಯಿತು. ಒಂದು ನಾಯಿ ಹಲ್ಲು ಮಸೆಯುತ್ತಾ ಮುಂದೆ ಬಂತು.

"ಬಿಟ್ಟುಬಿಡಿ, ಅಲ್ಲೇ ಸಾಯಲಿ," ಎಂದಿತು. "ನಮ್ಮ ನಾಯಕನ ಮದ್ದನ್ನೂ ತಿಂದಿದ್ದಾನೆ."

ಹೊಂಗೆ ಬಾಗಿ ಕೊಂಕನ ಮುಖ ನೋಡಿದಳು. ಅವಳಿಗೂ ಹಾಗೆಯೇ ಅನಿಸಿತ್ತು. ಕೊಂಕನ ಕಣ್ಣು ತೆರೆದೇ ಇತ್ತು. ಅದರಲ್ಲಿ ಜಾಣತನ ಒಂದಿಷ್ಟೂ ಉಳಿದಿರಲಿಲ್ಲ. ಬರೀ ಹೆದರಿಕೆ ಇತ್ತು.

"ಅಜ್ಜಿಯನ್ನು ಕರೆಯಿರಿ," ಎಂದಳು ಹೊಂಗೆ.

ಮುಳ್ಳಜ್ಜಿ ಬಂದು ಅವನಿಗೆ ವಾಂತಿ ಮಾಡಿಸುವ ಕಷಾಯ ಕುಡಿಸಿದಳು. ಸಂಜೆಯವರೆಗೆ ಅವನ ಪಕ್ಕದಲ್ಲೇ ಕುಳಿತಳು. ಕೊಂಕನ ಜೀವ ಉಳಿಯಿತು. ಆದರೆ ಉಸಿರು ಮೊದಲಿನಂತೆ ಆಗಲಿಲ್ಲ. ಹಿಂಗಾಲಿನ ಶಕ್ತಿ ಮತ್ತೆ ಬರಲಿಲ್ಲ.

"ಕೇಳಿದ್ದರೆ ಕೊಡುತ್ತಿದ್ದೆನಲ್ಲೋ," ಎಂದಳು ಮುಳ್ಳಜ್ಜಿ. ಕೊಂಕ ಮುಖ ತಿರುಗಿಸಿಕೊಂಡ.

ಅಲ್ಲಿಂದ ಮುಂದೆ ಅವನು ಉದುರಿದ ಅತ್ತಿಹಣ್ಣು, ಮಿಡತೆ, ಅಜ್ಜಿ ಕೊಟ್ಟ ಗೆಡ್ಡೆ ತಿಂದುಕೊಂಡು ದಿಬ್ಬದ ಕೆಳಗೇ ಉಳಿದ. ಕಾಡಿನವರು ಅವನನ್ನು ಹೊಡೆಯಲಿಲ್ಲ, ಓಡಿಸಲಿಲ್ಲ. ಆದರೆ ಅವನು ಬಾಯಿ ತೆರೆದರೆ ಎದ್ದು ಹೋಗುತ್ತಿದ್ದರು. ಮಾತಿನಿಂದಲೇ ಬದುಕಿದ್ದ ನರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಿರಲಿಲ್ಲ.

ಕೊಂಕ ತಿಂದುಹಾಕಿದ ಬೇರನ್ನು ಮತ್ತೆ ತರಬೇಕಿತ್ತು. ಅದು ಬೆಳೆಯುವುದು ಗುಡ್ಡದ ಗಟ್ಟಿ ನೆಲದಲ್ಲಿ. ಮುಳ್ಳಜ್ಜಿಯ ಉಗುರು ಸವೆದಿತ್ತು. ಹೊಂಗೆ ಭುಜದ ಗಾಯ ಮಾಗುವ ಮೊದಲೇ ಗುಂಪನ್ನು ಕರೆದುಕೊಂಡು ಹೋಗಿ ನೆಲ ಅಗೆದಳು. ಬೇರು ಸಿಕ್ಕಾಗ ತಾನೇ ಬಾಯಲ್ಲಿ ಕಚ್ಚಿಕೊಂಡು ಬಂದು ಬೂದನ ಮುಂದೆ ಇಟ್ಟಳು.

"ತಂಗಿ," ಎಂದ ಬೂದ.

"ಸಿಟ್ಟು ಇನ್ನೂ ಇದೆ ಅಣ್ಣ," ಎಂದಳು ಹೊಂಗೆ. "ಮೊದಲು ಇದನ್ನು ನುಂಗು."

ಬೂದ ನುಂಗಿದ. ಅದರ ಮುಂದೆ ತಿಂಗಳ ಉಂಡೆಯ ಕಹಿ ಏನೂ ಅಲ್ಲ ಅನಿಸಿತು. ಅಂದಿನಿಂದ ಅವನ ಕಷ್ಟದ ದಿನಗಳು ಶುರುವಾದವು. ಎದೆ ಉರಿಯುತ್ತಿತ್ತು. ಕೆಮ್ಮಿದರೆ ರಕ್ತ ಬರುತ್ತಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ಬೆಳಗಿನ ಹೊತ್ತು. ಗುಂಪು ಬೇಟೆಗೆ ಹೊರಟಾಗ ಅವನ ಕಾಲು ತಾನಾಗಿಯೇ ಮಿಡಿಯುತ್ತಿತ್ತು. ಅವನು ಕಣ್ಣು ಮುಚ್ಚಿ ಮುಖವನ್ನು ಮಣ್ಣಿಗೆ ಒತ್ತಿ ಹಿಡಿಯುತ್ತಿದ್ದ. ನಾಯಿಗಳ ಕೂಗು ಗುಡ್ಡದ ಆಚೆ ಅಡಗುವವರೆಗೂ ಹಾಗೆಯೇ ಇರುತ್ತಿದ್ದ.

ಗೌಜ ಬೇಗ ಚೇತರಿಸಿಕೊಂಡ. ಅವನ ಹೊಟ್ಟೆ ಇಳಿಯಿತು, ಒಸಡು ಕೆಂಪಾಯಿತು, ಗಲಾಟೆ ಮರಳಿ ಬಂತು. ಒಂದು ದಿನ ಅವನು ಬೂದನ ಪಕ್ಕದಲ್ಲಿ ಬಂದು ಮಲಗಿದ.

"ಮಾವ, ನನ್ನ ಹುಳ ಹೋಯಿತು. ನಿನ್ನದು ಯಾವಾಗ ಹೋಗುತ್ತದೆ?"

"ಹೋಗುತ್ತದೆ ಅಂತ ಅಜ್ಜಿ ಹೇಳಿದ್ದಾಳೆ," ಎಂದ ಬೂದ. ಆಮೇಲೆ ಮೆಲ್ಲಗೆ ಹೇಳಿದ. "ಗೌಜ, ನನ್ನ ಓಟ ನೋಡಿ ಕಲಿ. ನನ್ನ ಬಿಂಕ ನೋಡಿ ಕಲಿಯಬೇಡ."

ಬೇಸಿಗೆ ಕಳೆದು ಮತ್ತೆ ಮಳೆ ಬಂತು. ಒಂದು ದಿನ ಮುಳ್ಳಜ್ಜಿ ಬೂದನ ಎದೆಗೆ ಕಿವಿಯಿಟ್ಟು ಕೇಳಿ ಮುಗುಳ್ನಕ್ಕಳು.

"ಹುಳ ಹೋಗಿದೆ," ಎಂದಳು. "ಆದರೆ ಅದು ಕೊರೆದ ಗಾಯ ಉಳಿದಿದೆ. ನೀನು ನಡೆಯಬಹುದು. ಬೇಟೆಯ ಓಟ ಮಾತ್ರ ನಿನ್ನಿಂದ ಇನ್ನು ಆಗುವುದಿಲ್ಲ ಮಗ. ನನಗೂ ಇದನ್ನು ಹೇಳಲು ಕಷ್ಟವಾಗುತ್ತಿದೆ."

ಬೂದ ಬಹಳ ಹೊತ್ತು ಕೆರೆಯ ಕಡೆ ನೋಡುತ್ತಾ ಕುಳಿತ. ಸಂಜೆ ಗುಂಪು ಬಂದಾಗ ಎಲ್ಲರ ಮುಂದೆ ಹೊಂಗೆಗೆ ತಲೆ ಬಾಗಿಸಿದ. ಅವಳೇ ಇನ್ನು ನಾಯಕಿ ಎಂದು ಅದರ ಅರ್ಥ. ಹೊಂಗೆ ಹತ್ತಿರ ಬಂದು ಅವನ ಕಿವಿ ನೆಕ್ಕಿದಳು. ಅವಳ ಸಿಟ್ಟು ಎಂದೋ ಹೋಗಿತ್ತು.

ಮರುದಿನ ಬೂದ ಎಷ್ಟೋ ಕಾಲದ ಮೇಲೆ ಕೆರೆಯ ಏರಿಯ ಮೇಲೆ ನಡೆಯಲು ಹೊರಟ. ಗೌಜನೂ ಜೊತೆಗೆ ಬಂದ. ಅವನೀಗ ಎತ್ತರಕ್ಕೆ ಬೆಳೆದಿದ್ದ. ಕಾಲುಗಳು ಉದ್ದವಾಗಿದ್ದವು. ಓಡಿದರೆ ಏರಿಯ ಆ ತುದಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟುತ್ತಿದ್ದ. ಆದರೆ ಅವನು ಓಡಲಿಲ್ಲ. ಬೂದ ನಾಲ್ಕು ಹೆಜ್ಜೆ ಇಟ್ಟು ಏದುಸಿರು ಬಿಡುತ್ತಾ ನಿಂತಾಗಲೆಲ್ಲ, ಗೌಜ ದಾರಿ ಬದಿಯ ಹುಲ್ಲಿಗೆ ಮೂಗು ಹಾಕಿ ಏನನ್ನೋ ಮೂಸುವವನಂತೆ ನಿಲ್ಲುತ್ತಿದ್ದ. ಮಾವನ ಉಸಿರು ಸರಿಹೋದ ಮೇಲೆ ತಲೆಯೆತ್ತುತ್ತಿದ್ದ.

"ಏನು ವಾಸನೆಯೋ ಅದು ಅಷ್ಟೊಂದು?" ಎಂದು ಕೇಳಿದ ಬೂದ.

"ಮೊಲ ಇರಬೇಕು ಮಾವ," ಎಂದ ಗೌಜ.

ಅಲ್ಲಿ ಮೊಲದ ವಾಸನೆ ಇರಲಿಲ್ಲ. ಅದು ಬೂದನಿಗೂ ಗೊತ್ತಿತ್ತು. ಇಬ್ಬರೂ ನಿಧಾನವಾಗಿ ಮುಂದೆ ನಡೆದರು.

ನೀತಿ: ಕಾಯಿಲೆ ಬರದಂತೆ ಕಾಯುವ ಮದ್ದನ್ನು ಮೈ ಚೆನ್ನಾಗಿರುವಾಗಲೇ ತಪ್ಪದೆ ತಿನ್ನಬೇಕು, ಬಂದ ಮೇಲೆ ತಿನ್ನುವ ಮದ್ದು ಕಾಯಿಲೆಯನ್ನು ಕಳೆದರೂ ಕಳೆದುಕೊಂಡ ಶಕ್ತಿಯನ್ನು ಮರಳಿ ಕೊಡಲಾರದು.